ಹೊಟ್ಟೆ ಬೀಸಿ ಕರೆದ ಕಣಜ

ಲೋಕದ ಮೈ ಇನ್ನೂ ಹಸಿಯಾಗಿದ್ದ ಕಾಲ. ಆಗ ಯಾರ ಮನೆಗೂ ಬಾಗಿಲು ಇರಲಿಲ್ಲ. ಬಂದವರು ಹೊಸ್ತಿಲಲ್ಲಿ ನಿಂತು, "ಯವ್ವಾ, ಅದೀಯೇನ?" ಎಂದು ಕೂಗಬೇಕು. ಕೂಗದೆ ಒಳಗೆ ಬಂದವರು ಕಳ್ಳರೇ ಸರಿ.

ಆ ಕಾಲದಲ್ಲಿ ಒಂದು ಪುಟ್ಟ ಕರಿ ಕಣಜದ ಹುಳ ಇತ್ತು. ಅದರ ಹೊಟ್ಟೆ ತುಂಬ ಮೊಟ್ಟೆ. ಅವನ್ನು ಕಂಡಕಂಡಲ್ಲಿ ಇಡುವಂತಿಲ್ಲ, ಏಕೆಂದರೆ ಅದರ ಮರಿಗೆ ಜಿರಳೆಯ ಮೊಟ್ಟೆಯೊಂದೇ ಊಟ. ಜಿರಳೆಯೋ ಭಾರಿ ಜಾಣೆ. ತನ್ನ ಮೊಟ್ಟೆಗಳನ್ನು ಹುಣಸೆಬೀಜದ ಬಣ್ಣದ ಗಟ್ಟಿ ಪೆಟ್ಟಿಗೆಯಲ್ಲಿ ತುಂಬಿ, ಸಂಗವ್ವ ಎಂಬವಳ ಅಡುಗೆಮನೆಯಲ್ಲಿ ಹಿಟ್ಟಿನ ಗಡಿಗೆಯ ಹಿಂದೆ ಅಂಟಿಸಿತ್ತು.

ಕಣಜ ಹೊಸ್ತಿಲಲ್ಲಿ ಕೂಗಿಯೇ ಒಳಗೆ ಹಾರಿತು. ಆದರೆ ಅದರ ದನಿ ಅದಕ್ಕೇ ಕೇಳದಷ್ಟು ಸಣ್ಣದು.

"ಸದ್ದಿಲ್ಲದ ಕಡಿಯಾಕ ಬಂದೀಯೇನ, ಕಳ್ಳಿ!" ರೊಟ್ಟಿ ಬಡಿಯುತ್ತಿದ್ದ ಸಂಗವ್ವ ಸೆರಗು ಬೀಸಿ ಓಡಿಸಿದಳು. ಮತ್ತೆ ಬಂತು. ಮತ್ತೆ ಓಡಿಸಿದಳು. ಮೂರನೆಯ ಸಲ ಪೊರಕೆಯೇ ಎದ್ದಿತು.

ಕಣಜ ಹೊರಗೆ ಗೋಡೆಯ ಮೇಲೆ ಕೂತು ಗಾಳಿಗೆ ಹೇಳಿತು: "ಇವತ್ತು ಇಡದಿದ್ದರೆ ಮೊಟ್ಟೆಗಳು ಒಳಗೇ ಒಣಗುತ್ತವೆ. ನನ್ನ ಕುಲ ನನ್ನಲ್ಲೇ ಮುಗಿಯುತ್ತೆ."

"ಹೊಲದಾಗ ದೂರ ಇದ್ದವರನ್ನ ಹ್ಯಾಂಗ ಕರೀತಾರ?" ಎಂದಿತು ಗಾಳಿ.

"ಬಟ್ಟೆ ಬೀಸಿ. ನನ್ನ ಹತ್ತಿರ ಬಟ್ಟೆ ಎಲ್ಲಿದೆ?"

"ಹೊಟ್ಟಿ ಐತಲ್ಲ, ಹುಚ್ಚಿ!"

ಗಾಳಿ ಕಣಜದ ಹೊಟ್ಟೆಯನ್ನು ಎರಡೂ ಕಡೆಯಿಂದ ಒತ್ತಿ ಚಪ್ಪಟೆ ಮಾಡಿತು. ಕಡ್ಡಿಯಂಥ ನಡು ಕೊಟ್ಟು, ಹೊಟ್ಟೆಯನ್ನು ಮೇಲಕ್ಕೆತ್ತಿ ಬೆನ್ನಿಗೆ ಸಿಕ್ಕಿಸಿತು. "ಈಗ ಬೀಸು."

"ಥೂ, ನಾಚಿಕೆ!"

"ಮಕ್ಕಳು ಬೇಕೋ, ನಾಚಿಕಿ ಬೇಕೋ?"

ಕಣಜ ಹೊಸ್ತಿಲ ಮೇಲೆ ಕೂತಿತು. ಮೇಲೆ ಕೆಳಗೆ, ಮೇಲೆ ಕೆಳಗೆ ಹೊಟ್ಟೆ ಬೀಸಿತು. ಮತ್ತೆ ಎತ್ತಿದ ಪೊರಕೆ ಎತ್ತಿದಂತೆಯೇ ಸಂಗವ್ವ ನಿಂತಳು. ಆಮೇಲೆ ಗೊಳ್ಳನೆ ನಕ್ಕಳು. "ಅಯ್ಯ ಇದರ! ನನ್ನನ್ನ ಕರಿಯಾಕತ್ತೈತಿ! ಬಾರವ್ವ, ಬಾ. ಏನ ಕೆಲಸ ನೋಡೋಣು."

ಕಣಜ ಗಡಿಗೆಯ ಹಿಂದೆ ಹೋಯಿತು. ಸಂಗವ್ವ ಬಗ್ಗಿ ನೋಡಿದಳು. ಅದು ಪೆಟ್ಟಿಗೆಯನ್ನು ಮೀಸೆಯಿಂದ ತಟ್ಟಿ ನೋಡಿ, ಸಣ್ಣ ತೂತು ಕೊರೆದು, ಒಂದೇ ಒಂದು ಮೊಟ್ಟೆ ಇಟ್ಟು, ಇನ್ನೊಂದು ಪೆಟ್ಟಿಗೆ ಹುಡುಕುತ್ತಾ ಹೊರಟಿತು.

ಸಂಗವ್ವ ಆ ಪೆಟ್ಟಿಗೆಯನ್ನು ದಿನಾ ನೋಡುತ್ತಿದ್ದಳು. ಒಂದು ದಿನ ಅದರಲ್ಲಿ ದುಂಡಗೆ ತೂತು ಬಿತ್ತು. ಜಿರಳೆ ಮರಿ ಒಂದೂ ಬರಲಿಲ್ಲ. ಬಂದದ್ದು ಒಂದು ಕರಿ ಕಣಜ. ರೆಕ್ಕೆ ಒಣಗುವ ಮೊದಲೇ ಹೊಟ್ಟೆ ಬೀಸತೊಡಗಿತ್ತು!

ಅದಕ್ಕೇ ಮಗು, ಇವತ್ತಿಗೂ ನಮ್ಮ ಬಚ್ಚಲ ಕಿಟಕಿಯ ಗಾಜಿನ ಮೇಲೆ ಪುಟ್ಟ ಕರಿ ಕಣಜವೊಂದು ಹೊಟ್ಟೆಯನ್ನು ಮೇಲೆ ಕೆಳಗೆ ಆಡಿಸುತ್ತಾ ಓಡಾಡಿದರೆ, ಅದು ಕಡಿಯಲು ಬಂದದ್ದಲ್ಲ, ಮನೆಯಲ್ಲಿ ಯಾರಿದ್ದೀರಿ ಎಂದು ಕೂಗುತ್ತಿದೆ.