ಹಾಲಮ್ಮನ ಹೆಸರು ಮುಚ್ಚಳ ಸೇರಿದ್ದು

ಹೇಳಿ ನೋಡೋಣ. ಅರಸೀಕೆರೆಯ ಓಂಕಾರಪ್ಪ ಮೇಷ್ಟ್ರ ಮನೆ ಶೋಕೇಸಿನಲ್ಲಿ ಒಂದು ರಟ್ಟಿನ ಪೆಟ್ಟಿಗೆ ಇದೆ. ರೈಲು ಹಾಕುವ ಆಟದ ಪೆಟ್ಟಿಗೆ. ಅದರ ಮುಚ್ಚಳ ತೆಗೆದು ತಿರುಗಿಸಿದರೆ ಒಳಮೈಯಲ್ಲಿ ಬರಹ ಇದೆ. ಮೇಲೆ ಸಣ್ಣಗೆ ಎರಡು ಹೆಸರು. ಅದರ ಕೆಳಗೆ ಮುಚ್ಚಳದ ತುಂಬ ಒಬ್ಬಳೇ ಹೆಂಗಸಿನ ಸುದ್ದಿ. ಏನು ಬರೆದಿರಬಹುದು? ಯಾಕೆ ಬರೆದಿರಬಹುದು? ಊಹೂಂ, ಆಟದ ನಿಯಮ ಅಲ್ಲ. ಊಹೂಂ, ದೇವರ ಸ್ತೋತ್ರವೂ ಅಲ್ಲ. ಗೊತ್ತಾಗಲಿಲ್ಲವಾ? ಗೊತ್ತಾಗೋದಿಲ್ಲ ಬಿಡಿ. ಹಾಗಾದರೆ ಸ್ವಲ್ಪ ಸರಿದು ಕೂತು ಕೇಳಿ.

ಹಾಲಮ್ಮ ಅಂತ ಒಬ್ಬಳು. ಅವಳಿಗೆ ಗುರುಬಸು ಅಂತ ಒಬ್ಬನೇ ಮಗ. ಹಾಲಮ್ಮ ಹಾಸ್ಟೆಲಿನಲ್ಲಿ ಅಡಿಗೆಯವಳು. ವಾರಕ್ಕೆ ಆರು ದಿನ ನೂರಿಪ್ಪತ್ತು ಮಕ್ಕಳಿಗೆ ಮುದ್ದೆ ತಿರುವಿ ತಿರುವಿ ಅವಳ ರಟ್ಟೆ ಬಿದ್ದುಹೋಗಿತ್ತು. ಮಗನಿಗೆ ಇಪ್ಪತ್ತೊಂಬತ್ತು ವರ್ಷ. ನಂಬರ್ ಪ್ಲೇಟ್ ಬರೆಯುವ ಅಂಗಡಿಯಲ್ಲಿ ಕೆಲಸ. ಅಕ್ಷರ ಅಂದರೆ ಅಚ್ಚು ಹಾಕಿದ ಹಾಗೆ. ಕೊಟ್ಟಿದ್ದನ್ನು ಕೊಟ್ಟ ಹಾಗೇ ಬರೆಯುತ್ತಾನೆ, ಒಂದು ಚುಕ್ಕೆ ಹೆಚ್ಚಿಲ್ಲ, ಒಂದು ಚುಕ್ಕೆ ಕಡಿಮೆಯಿಲ್ಲ. ಅಂಗಡಿಯಲ್ಲಿ ಅದು ಗುಣ. ಮನೆಯಲ್ಲಿ ಅದೇ ಗ್ರಹಚಾರ.

ಒಂದು ಸಲ ಹಾಲಮ್ಮ ಸಂತೆಗೆ ಹೋಗುವಾಗ ಹೇಳಿದ್ದಳು: "ಮನೆಗೆ ಯಾರು ಬಂದರೂ ಕೂರಿಸಿ ನೀರು ಕೊಡೋ." ವಾಪಸು ಬಂದು ನೋಡಿದರೆ ಪಡಸಾಲೆಯ ಚಾಪೆ ಮೇಲೆ ಪಕ್ಕದ ಮನೆಯ ಮೇಕೆ! ಅದರ ಮುಂದೆ ಒಂದು ಲೋಟ ನೀರು! ಕೂರಿಸೋದಕ್ಕೆ ಅದರ ಹಿಂಗಾಲು ಹಿಡಿದು ಒತ್ತುತ್ತಾ ಬೆವತುಹೋಗಿದ್ದ ಗುರುಬಸು. "ಅಮ್ಮಾ, ನೀರೇನೋ ಕುಡೀತು. ಕೂತ್ಕೋ ಅಂದ್ರೆ ಮಾತ್ರ ಕೇಳ್ತಾ ಇಲ್ಲ!" ಅವತ್ತಿನಿಂದ ಹಾಲಮ್ಮ ಅವನನ್ನು ಒಬ್ಬನೇ ಬಿಟ್ಟು ಎಲ್ಲಿಗೂ ಹೋಗುತ್ತಿರಲಿಲ್ಲ. ಹೋದರೆ ಅವನೂ ಜೊತೆಗೆ.

ಅವಳು ಹೋಗುತ್ತಿದ್ದದ್ದಾದರೂ ಎಲ್ಲಿಗೆ? ಭಾನುವಾರ ನಾಲ್ಕು ಗಂಟೆಗೆ, ರೈಲ್ವೆ ಮೇಲ್ಸೇತುವೆ ದಾಟಿ, ಓಂಕಾರಪ್ಪ ಮೇಷ್ಟ್ರ ಮನೆಗೆ. ಮೇಷ್ಟ್ರ ಸೊಸೆ ಸುಷ್ಮಾ ಮದುವೆಯಾಗಿ ಬರುವಾಗ ಒಡವೆ ಪೆಟ್ಟಿಗೆ ಒಂದು ತಂದಳು, ಆಟದ ಪೆಟ್ಟಿಗೆ ಹದಿನಾಲ್ಕು ತಂದಳು. ಹಾವು-ಏಣಿ, ಚೌಕಾಬಾರ ಅಲ್ಲ, ಎಲ್ಲ ಹೊಸ ಕಾಲದವು. ಒಂದರಲ್ಲಿ ಊರೂರಿಗೆ ರೈಲು ಹಾಕಬೇಕು. ಇನ್ನೊಂದರಲ್ಲಿ ಮುಳುಗುವ ದ್ವೀಪದಿಂದ ಪಾರಾಗಬೇಕು. ಮತ್ತೊಂದರಲ್ಲಿ ಕುರಿ ಕೊಟ್ಟು ಇಟ್ಟಿಗೆ ತಗೊಂಡು ಮನೆ ಕಟ್ಟಬೇಕು. ಮೇಷ್ಟ್ರು, ಸುಷ್ಮಾ, ಎದುರುಮನೆಯ ಸ್ಟೆಲ್ಲಾ ಮೇಡಂ, ಹಾಲಮ್ಮ, ಗುರುಬಸು, ಒಟ್ಟು ಐದು ಜನ. ಊಟದ ಮೇಜೇ ಆಟದ ಮೇಜು.

ಆ ಮನೆಯಲ್ಲಿ ಒಂದು ಪದ್ಧತಿ. ಯಾರು ಗೆದ್ದರೋ ಅವರ ಹೆಸರನ್ನು ಆ ಆಟದ ಮುಚ್ಚಳದ ಒಳಗೆ ಅಳಿಸದ ಪೆನ್ನಿನಲ್ಲಿ ಬರೆದು ತಾರೀಕು ಹಾಕಬೇಕು. ಆ ಮುಚ್ಚಳದ ಮೇಲೆ ಹಾಲಮ್ಮನಿಗೆ ಕಣ್ಣು. ಯಾಕೆ ಅಂತೀರಾ? ಗ್ಯಾಸ್ ಪುಸ್ತಕದಲ್ಲಿ ಇರೋದು ತೀರಿಕೊಂಡ ಗಂಡನ ಹೆಸರು. ಮನೆ ಬಾಗಿಲ ಮೇಲೆ ಮಾವನ ಹೆಸರು. ಮಗನ ಮಾರ್ಕ್ಸ್ ಕಾರ್ಡಿನಲ್ಲಿ ಅಪ್ಪನ ಹೆಸರು. ಹಾಸ್ಟೆಲಿನ ಮಕ್ಕಳಿಗೆ ಅವಳು ಬರೀ "ಅಡಿಗೆ ಆಂಟಿ". 'ಇದನ್ನು ಹಾಲಮ್ಮ ಮಾಡಿದಳು' ಅಂತ ಈ ಭೂಮಿ ಮೇಲೆ ಎಲ್ಲೂ ಬರೆದಿರಲಿಲ್ಲ. ಒಂದೇ ಒಂದು ಸಲ ಗೆಲ್ಲಬೇಕು, ಅದೂ ರೈಲಿನ ಆಟದಲ್ಲೇ ಗೆಲ್ಲಬೇಕು ಅಂತ ಅವಳ ಆಸೆ. ಅವಳಪ್ಪ ಇದೇ ಹಳಿ ಮೇಲೆ ಗ್ಯಾಂಗ್‌ಮನ್ ಆಗಿದ್ದವನು.

ಮೊದಲನೇ ಭಾನುವಾರ ರೈಲಿನ ಆಟವೇ ಬಂತು. ಸುಷ್ಮಾ ಎಲ್ಲರಿಗೂ ಮೂರು ಮೂರು ಟಿಕೆಟ್ ಚೀಟಿ ಹಂಚಿದಳು. "ಚೀಟಿಯಲ್ಲಿರೋ ಊರುಗಳಿಗೆ ಯಾರು ಮೊದಲು ಹಳಿ ಹಾಕ್ತಾರೋ ಅವರು ಗೆದ್ದ ಹಾಗೆ." ಹಾಲಮ್ಮ ಮಗನ ಕಿವಿಯಲ್ಲಿ, "ಅರ್ಥವಾಗಲಿಲ್ಲ ಅಂದ್ರೆ ಬಾಯಿಬಿಟ್ಟು ಕೇಳೋ" ಅಂದಳು. ಗುರುಬಸು ಎದ್ದು ನಿಂತ. ಬಾಯಿಬಿಟ್ಟ.

"ನಂದು ನಾಗಪುರದಿಂದ ಮದುರೈ! ಅಮ್ಮಂದು ಪುಣೆಯಿಂದ ಕೊಚ್ಚಿ, ನಾನು ಬಗ್ಗಿ ನೋಡಿದೆ! ಯಾರೂ ಆ ಕಡೆ ಹೋಗಬೇಡಿ, ಪ್ಲೀಸ್!"

ಹೋಗದೆ ಇರ್ತಾರೆಯೇ! ಸ್ಟೆಲ್ಲಾ ಮೇಡಂ ಪುಣೆಗೆ ಅಡ್ಡ ಹಾಕಿದರು, ಮೇಷ್ಟ್ರು ಕೊಚ್ಚಿಗೆ ಅಡ್ಡ ಹಾಕಿದರು. ಹಾಲಮ್ಮನ ರೈಲು ಹುಬ್ಬಳ್ಳಿಯಲ್ಲೇ ನಿಂತಿತು.

ವಾಪಸು ಬರುವಾಗ ಮೇಲ್ಸೇತುವೆ. ನಲವತ್ತೆರಡು ಮೆಟ್ಟಿಲು. ಹಾಲಮ್ಮನ ಮಂಡಿಗೆ ಇಪ್ಪತ್ತೊಂದಕ್ಕೇ ಸಾಕು. ಅಲ್ಲೇ ಕೂತಳು, ಹಣೆ ಚಚ್ಚಿಕೊಂಡಳು.

"ಸಾಕಪ್ಪಾ ಸಾಕು! ಕೈಯಲ್ಲಿರೋದನ್ನ ಯಾರಾದರೂ ಸಾರ್ತಾರೇನೋ? ಎದೆಗೆ ಅವುಚಿಕೊಂಡು, ತುಟಿ ಹೊಲಿದುಕೊಂಡು ಕೂತ್ಕೋಬೇಕು! ತಿಳೀತಾ?"

"ತಿಳೀತಮ್ಮ."

ಮುಂದಿನ ಭಾನುವಾರ ಮುಳುಗುವ ದ್ವೀಪದ ಆಟ. ಇದರಲ್ಲಿ ಒಬ್ಬರ ಮೇಲೊಬ್ಬರು ಆಡುವ ಹಾಗಿಲ್ಲ. ಐವರೂ ಒಂದೇ ಪಕ್ಷ. ಗೆದ್ದರೆ ಐವರ ಹೆಸರೂ ಮುಚ್ಚಳಕ್ಕೆ! ಹಾಲಮ್ಮನ ಮುಖ ಅರಳಿತು. ನೀರು ಏರಿತು, ಏರಿತು, ಮೇಷ್ಟ್ರ ಗೊಂಬೆಯ ಕುತ್ತಿಗೆವರೆಗೆ ಬಂತು. "ದೋಣಿ ಚೀಟಿ ಯಾರ ಹತ್ರ ಇದೆ? ದೋಣಿ! ದೋಣಿ!" ಮೇಷ್ಟ್ರು ಕೂಗಿದರು. ಸ್ಟೆಲ್ಲಾ ಮೇಡಂ ಹತ್ತಿರ ಇಲ್ಲ. ಸುಷ್ಮಾ ಹತ್ತಿರ ಇಲ್ಲ. ಗುರುಬಸು ಚೀಟಿಗಳನ್ನು ಎದೆಗೆ ಅವುಚಿಕೊಂಡು, ತುಟಿ ಬಿಗಿದುಕೊಂಡು, ಸೂರು ನೋಡುತ್ತಾ ಕೂತಿದ್ದ. ದ್ವೀಪ ಮುಳುಗಿತು. ಐವರೂ ಸತ್ತರು. ಆಮೇಲೆ ಅವನ ಕೈ ಬಿಡಿಸಿ ನೋಡಿದರೆ ಒಂದಲ್ಲ, ಎರಡು ದೋಣಿ!

"ನೀನೂ ಮುಳುಗಿದೆಯಲ್ಲೋ!" ಅಂದರು ಮೇಷ್ಟ್ರು.

"ಮುಳುಗಿದ್ರೂ ಬಾಯಿ ಬಿಡಲಿಲ್ಲ ಮೇಷ್ಟ್ರೇ!" ಅಂದ ಹೆಮ್ಮೆಯಿಂದ.

ಮತ್ತೆ ಮೇಲ್ಸೇತುವೆ. ಮತ್ತೆ ಇಪ್ಪತ್ತೊಂದನೇ ಮೆಟ್ಟಿಲು.

"ಸಾಕಪ್ಪಾ ಸಾಕು! ಎದುರಿಗಿರೋರು ಉಸ್ಸಪ್ಪಾ ಅಂತಿದ್ರೆ ಬಚ್ಚಿಟ್ಕೊಂಡು ಕೂರ್ತಾರೇನೋ? ಕೇಳೋಕೆ ಮುಂಚೆ ಕೊಟ್ಟುಬಿಡಬೇಕು! ತಿಳೀತಾ?"

"ತಿಳೀತಮ್ಮ."

ಮೂರನೇ ಭಾನುವಾರ ಕುರಿ-ಇಟ್ಟಿಗೆಯ ಆಟ. ಅವರವರ ಮನೆ ಅವರವರೇ ಕಟ್ಟಬೇಕು. ಸ್ಟೆಲ್ಲಾ ಮೇಡಂ ಸೆಖೆಗೆ "ಉಸ್ಸಪ್ಪಾ" ಅಂದರು. "ತಗೊಳ್ಳಿ ಮೇಡಂ, ಎರಡು ಕುರಿ!" ಮೇಷ್ಟ್ರು ಸೊಂಟ ಹಿಡಿದು "ಉಸ್ಸಪ್ಪಾ" ಅಂದರು. "ತಗೊಳ್ಳಿ ಮೇಷ್ಟ್ರೇ, ಮೂರು ಇಟ್ಟಿಗೆ!" ಮೇಷ್ಟ್ರು ಕಿಲಾಡಿ. ಮತ್ತೊಂದು ಸಲ ಉಸ್ಸಪ್ಪಾ ಅಂದರು, ಗೋಧಿ ಬಂತು. ಮಗದೊಂದು ಸಲ ಅಂದರು, ಮರ ಬಂತು. ಹಾಲಮ್ಮ ಒಂದು ಮನೆಗೆ ತಳಪಾಯ ಹಾಕುವಷ್ಟರಲ್ಲಿ ಮೇಷ್ಟ್ರ ಒಂದು ಊರೇ ಎದ್ದು ನಿಂತಿತ್ತು. ಆ ಮುಚ್ಚಳದಲ್ಲಿ ಓಂಕಾರಪ್ಪ ಅಂತ ಇನ್ನೊಂದು ಸಲ ಬರೆದಾಯಿತು.

"ನಾನೂ ಉಸ್ಸಪ್ಪಾ ಅಂದೆನಲ್ಲೋ! ನಂಗೊಂದು ಕುರಿ ಕೊಡಲಿಲ್ಲ!"

"ನೀನು ಯಾವಾಗ್ಲೂ ಅಂತೀಯಲ್ಲಮ್ಮ."

ಹಾಲಮ್ಮನಿಗೆ ಬೈಯೋದಕ್ಕೂ ತ್ರಾಣ ಇರಲಿಲ್ಲ. ಮೇಲ್ಸೇತುವೆಯ ಮೆಟ್ಟಿಲ ಮೇಲೆ ಕೂತು, ಮಂಡಿ ಒತ್ತಿಕೊಳ್ಳುತ್ತಾ ಹೇಳಿದಳು. "ಪುಕ್ಕಟೆ ಏನೂ ಕೊಡಬೇಡ ಕಣೋ. ಯಾರು ಏನು ಕೇಳಿದ್ರೂ 'ಬದಲಿಗೆ ಏನು ಕೊಡ್ತೀರಿ?' ಅನ್ನು. ತಗೊಂಡ ಮೇಲೇ ಕೈ ಬಿಡು. ತಿಳೀತಾ?"

"ತಿಳೀತಮ್ಮ."

ನಾಲ್ಕನೇ ಭಾನುವಾರದ ಹೊತ್ತಿಗೆ ದೀಪಾವಳಿ ಕಳೆದಿತ್ತು. ಮೇಜಿನ ಮೇಲೆ ಹಬ್ಬದ ನಿಪ್ಪಟ್ಟು. ಇನ್ನೂ ಪೆಟ್ಟಿಗೆ ಬಿಚ್ಚಿಲ್ಲ, ಆಟ ಶುರುವಾಗಿಲ್ಲ. ಮೇಷ್ಟ್ರ ಗಂಟಲಿಗೆ ನಿಪ್ಪಟ್ಟಿನ ಚೂರು ಸಿಕ್ಕಿಹಾಕಿಕೊಂಡಿತು! ಕಣ್ಣು ಕೆಂಪಾಯಿತು, ಮುಖ ಕೆಂಪಾಯಿತು. ನೀರಿನ ತಂಬಿಗೆ ಗುರುಬಸು ಪಕ್ಕದಲ್ಲಿತ್ತು. ಮೇಷ್ಟ್ರು ಕೈ ಚಾಚಿದರು. ಗುರುಬಸು ತಂಬಿಗೆಯನ್ನು ತಬ್ಬಿಕೊಂಡ.

"ಬದಲಿಗೆ ಏನು ಕೊಡ್ತೀರಿ ಮೇಷ್ಟ್ರೇ?"

ಮೇಷ್ಟ್ರು ಹೆಗಲ ಮೇಲಿನ ಟವಲು ಎಸೆದರು.

"ಇಷ್ಟೇನಾ?"

ಕೈಗಡಿಯಾರ ಬಿಚ್ಚುತ್ತಿದ್ದರು, ಅಷ್ಟರಲ್ಲಿ ಸುಷ್ಮಾ ಅಡಿಗೆಮನೆಯಿಂದ ಓಡಿಬಂದು ಬೆನ್ನಿಗೆ ಗುದ್ದಿದಳು. ಚೂರು ಹೊರಗೆ ಬಿತ್ತು. ಆವತ್ತು ಆಟವೇ ಇಲ್ಲ.

"ಸಾಕಪ್ಪಾ ಸಾಕು! ಉಸಿರುಗಟ್ಟಿ ಮುಖ ಕೆಂಪಾದೋರ ಹತ್ರ ವ್ಯಾಪಾರ ಮಾಡ್ತಾರೇನೋ, ಪಾಪಿ! ಸುಷ್ಮಾನ ನೋಡಿ ಕಲಿ! ಓಡಿಹೋಗಿ ಬೆನ್ನಿಗೆ ಗುದ್ದಬೇಕು! ತಿಳೀತಾ?"

"ತಿಳೀತಮ್ಮ."

ಐದನೇ ಭಾನುವಾರ ಯಾವ ಆಟ ಅಂತೀರಿ? ಮರದ ತುಂಡುಗಳ ಗೋಪುರ! ಕೆಳಗಿಂದ ಒಂದೊಂದೇ ತುಂಡು ಎಳೆದು ಮೇಲೆ ಇಡಬೇಕು. ಯಾರ ಕೈಯಲ್ಲಿ ಗೋಪುರ ಬಿತ್ತೋ ಅವರು ಸೋತರು. ಮೇಷ್ಟ್ರ ಸರದಿ ಬಂತು. ಮೇಷ್ಟ್ರು ಬಗ್ಗಿದರು, ಉಸಿರು ಬಿಗಿ ಹಿಡಿದರು, ಮುಖ ಕೆಂಪಾಯಿತು. ಗುರುಬಸು ನೋಡಿದ. ಓಡಿಬಂದ. ಧಬ್!

ಗೋಪುರ ಬಿತ್ತು. ಗೋಪುರದ ಮೇಲೆ ಮೇಷ್ಟ್ರು ಬಿದ್ದರು. ಮೇಷ್ಟ್ರ ಕನ್ನಡಕ ಸೋಫಾದ ಅಡಿಗೆ ಹೋಯಿತು.

"ಈಗ ಹೇಗಿದೆ ಮೇಷ್ಟ್ರೇ? ಸಲೀಸಾಯ್ತಾ?"

ಮೇಷ್ಟ್ರು ಕೂಗಾಡಲಿಲ್ಲ. ಅದಕ್ಕೇ ಹಾಲಮ್ಮನಿಗೆ ಹೆಚ್ಚು ಭಯವಾಯಿತು. "ಹಾಲಮ್ಮಾ," ಅಂದರು, "ಮುಂದಿನ ಭಾನುವಾರ ಒಂದು ನೋಡ್ತೀನಿ. ಆವತ್ತೂ ಹೀಗೇ ಆದ್ರೆ ನಿಮ್ಮಿಬ್ಬರಿಗೂ ದೊಡ್ಡ ನಮಸ್ಕಾರ. ಬರೋದೇ ಬೇಡ."

ಅವತ್ತು ಮೇಲ್ಸೇತುವೆಯ ಹನ್ನೆರಡನೇ ಮೆಟ್ಟಿಲಿಗೇ ಹಾಲಮ್ಮ ಕೂತುಬಿಟ್ಟಳು. ಕೆಳಗೆ ಪ್ಲಾಟ್‌ಫಾರಂ ಮೇಲೆ ಜನ ಚೀಲ ಹೊತ್ತು ಎಲ್ಲೆಲ್ಲಿಗೋ ಹೊರಟಿದ್ದರು. ಅವಳಿಗೆ ಇದ್ದದ್ದು ವಾರಕ್ಕೆ ಎರಡು ಗಂಟೆ ಹೊತ್ತು, ಒಂದು ಕುರ್ಚಿ. ಅದೂ ಹೋಗುತ್ತಾ?

"ಗುರುಬಸು, ಕೈ ಮುಗೀತೀನಿ ಕಣೋ. ಏನೂ ಮಾಡಬೇಡ. ಕೈ ಕಟ್ಟಿಕೊಂಡು ಕೂತ್ಕೋ. ನಿನ್ನ ಸರದಿ ಬಂದಾಗ ಆಡು, ಆಮೇಲೆ ಮತ್ತೆ ಕೈ ಕಟ್ಕೋ. ಸರದಿ ಬರೋ ತನಕ ಅಲ್ಲಾಡಬೇಡ. ಆಕಾಶ ಕಳಚಿಬಿದ್ರೂ ಅಲ್ಲಾಡಬೇಡ. ತಿಳೀತಾ?"

"ತಿಳೀತಮ್ಮ. ಅಳಬೇಡ."

ಆರನೇ ಭಾನುವಾರ ಸುಷ್ಮಾ ಮತ್ತೆ ರೈಲಿನ ಪೆಟ್ಟಿಗೆ ತೆಗೆದಳು. ಹಾಲಮ್ಮ ಕುರ್ಚಿ ಮುಂದಕ್ಕೆ ಎಳೆದುಕೊಂಡಳು. ಗುರುಬಸು ಅವಳ ಪಕ್ಕದಲ್ಲಿ, ಅವಳ ಸರದಿ ಆದ ಮೇಲೆ ಅವನದು. ಕೈ ಕಟ್ಟಿ ಕೂತ. ಸರದಿ ಬಂತು, ಕೈ ಬಿಚ್ಚಿದ, ಹಳಿ ಹಾಕಿದ, ಕೈ ಕಟ್ಟಿದ. ಸೊಳ್ಳೆ ಕಚ್ಚಿತು, ಅಲ್ಲಾಡಲಿಲ್ಲ. ಸ್ಟೆಲ್ಲಾ ಮೇಡಂ ಹಿಂದೆಯೇ ಬಂದಿದ್ದ ಅವರ ಬೆಕ್ಕು ತೊಡೆ ಮೇಲೆ ಹತ್ತಿ ಮಲಗಿತು, ಅಲ್ಲಾಡಲಿಲ್ಲ. ಮೇಷ್ಟ್ರಿಗೇ ಆಶ್ಚರ್ಯ. "ಎಂಥ ಬಂಗಾರದಂಥ ಹುಡುಗ ರೀ!"

ಹಾಲಮ್ಮ ನಾಗಪುರ ದಾಟಿದಳು. ಗುಂತಕಲ್ಲು ದಾಟಿದಳು. ಐದೂಮುಕ್ಕಾಲಿಗೆ ಕೊನೆಯ ಕೆಂಪು ಹಳಿ ಇಟ್ಟಳು. ಮೂರೂ ಟಿಕೆಟ್ ಮುಗಿಯಿತು!

"ಗೆದ್ರಿ ಆಂಟಿ! ಗೆದ್ದೇಬಿಟ್ರಿ!" ಸುಷ್ಮಾ ಚಪ್ಪಾಳೆ ತಟ್ಟಿದಳು. ಸ್ಟೆಲ್ಲಾ ಮೇಡಂ ತಬ್ಬಿಕೊಂಡರು. ಮೇಷ್ಟ್ರು ಅಳಿಸದ ಪೆನ್ನು ಹುಡುಕಲು ಎದ್ದರು. ಎಲ್ಲರೂ ಎದ್ದರು. ಗುರುಬಸು ಏಳಲಿಲ್ಲ.

"ಏಳೋ, ಅಮ್ಮ ಗೆದ್ದಳು!" ಅಂದರು ಮೇಷ್ಟ್ರು.

"ನನ್ನ ಸರದಿ ಇನ್ನೂ ಬಂದಿಲ್ಲ."

ಹೌದಲ್ಲ! ಅಮ್ಮನ ಸರದಿಗೇ ಆಟ ಮುಗಿದಿತ್ತು. ಮುಂದಿನದು ಅವನದು. ಅದು ಬರಲೇ ಇಲ್ಲ! ಕಾಫಿ ಕೊಟ್ಟರು, ಮುಟ್ಟಲಿಲ್ಲ. ಕಂಕುಳಿಗೆ ಕೈ ಹಾಕಿ ಎಬ್ಬಿಸಲು ಹೋದರು, ಕುರ್ಚಿಯೂ ಜೊತೆಗೆ ಎದ್ದಿತು. ಸುಷ್ಮಾ ಉಪಾಯ ಮಾಡಿದಳು. "ಸರಿ ಗುರುಬಸು, ಈಗ ನಿನ್ನ ಸರದಿ."

"ಆಟ ಮುಗಿದ ಮೇಲೆ ಸರದಿ ಎಲ್ಲಿಂದ ಬರುತ್ತೆ ಅಕ್ಕಾ? ನನ್ನನ್ನೇನು ಪೆದ್ದ ಅಂದ್ಕೊಂಡ್ರಾ?"

ಮೇಷ್ಟ್ರು ತಲೆ ಕೆರೆದುಕೊಂಡರು. "ಹಾಲಮ್ಮಾ, ಒಂದೇ ದಾರಿ. ನಿಮ್ಮ ಕೊನೇ ಹಳಿ ವಾಪಸು ತಗೊಳ್ಳಿ. ಆಟ ಮುಂದುವರಿಯಲಿ, ಇವನ ಸರದಿ ಬರಲಿ."

ವಾಪಸು ತಗೊಳ್ಳೋದಾ! ಹಾಲಮ್ಮ ಆ ಕೆಂಪು ಹಳಿಯನ್ನು ನೋಡಿದಳು. ಮಗನನ್ನು ನೋಡಿದಳು. ಅವನು ನಗುತ್ತಾ ಕೂತಿದ್ದ. ಅಮ್ಮ ಹೇಳಿದ ಹಾಗೇ ಕೇಳಿದೀನಿ ಅನ್ನೋ ನಗು. ಹಾಲಮ್ಮನ ಕೈ ನಿಧಾನಕ್ಕೆ ಹಳಿಯ ಕಡೆ ಹೋಯಿತು.

"ತಡೀರಿ ಆಂಟಿ!" ಸುಷ್ಮಾ ಮುಚ್ಚಳ ತಂದು ಗುರುಬಸು ಮುಂದೆ ಇಟ್ಟಳು. "ಆಡೋ ಸರದಿ ಮುಗೀತು ಕಣೋ. ಈಗ ಬರೆಯೋ ಸರದಿ. ಮೊದಲನೇ ಸರದಿ ನಿಂದು!"

ಗುರುಬಸು ಯೋಚಿಸಿದ. ಕೈ ಬಿಚ್ಚಿದ! ಬೆಕ್ಕು ಇಳಿದು ಓಡಿತು. ಪೆನ್ನು ಹಿಡಿದು ಕೇಳಿದ. "ಏನು ಬರೀಲಮ್ಮ?"

ಎಲ್ಲಾದರೂ 'ಪುಣೆಯಿಂದ ಕೊಚ್ಚಿ' ಅಂತ ಬರೆದುಬಿಟ್ಟಾನು ಅಂತ ಹಾಲಮ್ಮನಿಗೆ ಹೆದರಿಕೆ. "ನಿನ್ನ ತಲೆಯಿಂದ ಒಂದಕ್ಷರ ಸೇರಿಸಬೇಡ. ನಾನು ಹೇಳಿದ್ದನ್ನ ಹೇಳಿದ ಹಾಗೇ ಬರಿ. ತಿಳೀತಾ?"

"ತಿಳೀತಮ್ಮ."

ಹಾಲಮ್ಮ ಹೇಳಿದಳು, ಗುರುಬಸು ಬರೆದ. ಸ್ಟೆಲ್ಲಾ ಮೇಡಂ ಬಾಯಿಗೆ ಸೆರಗು ತುರುಕಿಕೊಂಡರು. ಮೇಷ್ಟ್ರ ಹೊಟ್ಟೆ ಕುಲುಕಿತು. ಅವನು ಪೆನ್ನಿನ ಮುಚ್ಚಳ ಹಾಕಿದ ಮೇಲೇ ಹಾಲಮ್ಮನಿಗೆ ಕನ್ನಡಕ ಸಿಕ್ಕಿದ್ದು. ಹಾಕಿಕೊಂಡು ಓದಿದಳು. ಮತ್ತೆ ಓದಿದಳು.

"ಮೇಲೊಂದು ಬಿಳಿ ಕಾಗದ ಅಂಟಿಸಿ, ನೀಟಾಗಿ ಬರೆದುಬಿಡೋಣವಾ ಹಾಲಮ್ಮಾ?" ಅಂದರು ಮೇಷ್ಟ್ರು.

ಹಾಲಮ್ಮ ತನ್ನ ಹೆಸರಿನ ಮೇಲೆ ಬೆರಳಾಡಿಸಿದಳು. ಅಚ್ಚು ಹಾಕಿದಂಥ ಅಕ್ಷರ. "ಬಿಡಿ ಮೇಷ್ಟ್ರೇ. ಎಲ್ಲಾ ನಾನು ಹೇಳಿದ್ದೇ ಇದೆ. ಒಂದೂ ಸುಳ್ಳಿಲ್ಲ."

ಇವತ್ತಿಗೂ ಆ ಮುಚ್ಚಳ ತಿರುಗಿಸಿದರೆ ಹೀಗಿದೆ:

"ಮೊದಲು ನೆಟ್ಟಗೆ ಕೂತ್ಕೋ. ಹಾಲಮ್ಮ ಅಂತ ಬರಿ. ದಪ್ಪಗೆ ಬರಿ. ಗೆದ್ದಳು ಅಂತ ಬರಿ. ಅಯ್ಯೋ ನನ್ನ ಕನ್ನಡಕ ಎಲ್ಲಿ, ಏನೂ ಕಾಣ್ತಿಲ್ಲ, ಕಣ್ಣಲ್ಲಿ ನೀರು. ನಮ್ಮಪ್ಪ ಇದ್ದಿದ್ರೆ ನೋಡ್ತಿದ್ದ. ಯಾಕೆ ಸ್ಟೆಲ್ಲಾ ಮೇಡಂ ನಗ್ತೀರಾ. ಬರೆದಾಯ್ತೇನೋ, ಎರಡು ಮಾತಿಗೆ ಎಷ್ಟು ಹೊತ್ತು. ಸಾಕಪ್ಪಾ ಸಾಕು, ನಿನ್ನ ಕಟ್ಟಿಕೊಂಡು ಸಾಕಾಗಿಹೋಯ್ತು. ತಾರೀಕು ಹಾಕು. ಇವತ್ತು ಎಷ್ಟು ಸುಷ್ಮಾ. ಹಾಂ, ಹದಿನೇಳು, ನವೆಂಬರ್, ಎರಡು ಸಾವಿರದ ಇಪ್ಪತ್ತನಾಲ್ಕು, ಭಾನುವಾರ."