ತುಪ್ಪದ ಭರಣಿ ಕಾಯ್ದವರು

"ಕೇಳ್ರಪ್ಪೋ ಕೇಳಿ! ಕಂಚಿನಕೋಟೆಯ ಅರಸಿ ಪದ್ಮಲೆಯವರು ಮೂರು ಒಗಟು ಹಾಕ್ತಾರೆ. ಮೂರನ್ನೂ ಬಿಡಿಸಿದವನಿಗೆ ಅರ್ಧ ರಾಜ್ಯ, ಊಟಕ್ಕೆ ಅರಸಿಯ ಪಕ್ಕದ ಮಣೆ. ಒಂದು ತಪ್ಪಿದರೂ ಅಮಾವಾಸ್ಯೆಯ ದಿನ ತಲೆದಂಡ!"

ಡಂಗುರದವನು ತಮಟೆ ಬಡಿಯುತ್ತ ಕಾಡಿನಂಚಿಗೂ ಬಂದ. ಅಲ್ಲಿ ದ್ಯಾವ ಅನ್ನೋನು ನೆಲ್ಲಿಕಾಯಿ ಒಣಗಿಸಿ ಮಾರಿಕೊಂಡು ಒಬ್ಬನೇ ಇದ್ದ. ಅವ್ವ ಸತ್ತು ಎರಡು ವರ್ಷವಾಗಿತ್ತು. ಮಾತಾಡೋಕೆ ಒಂದು ಎಮ್ಮೆ, ಅದೂ ಕಿವಿ ಬಡಿಯೋದು ಬಿಟ್ಟರೆ ಬೇರೆ ಉತ್ತರ ಕೊಡ್ತಿರಲಿಲ್ಲ. ಅರ್ಧ ರಾಜ್ಯದ ಮಾತು ದ್ಯಾವನ ಕಿವಿಗೆ ಬೀಳಲೇ ಇಲ್ಲ. ಪಕ್ಕದ ಮಣೆ ಅಂದದ್ದು ಮಾತ್ರ ನೆಟ್ಟಗೆ ಹೋಗಿ ಎದೆಗೆ ಕೂತಿತು. ಎಮ್ಮೆಯನ್ನು ಗೊಲ್ಲರ ಹಟ್ಟಿಯಲ್ಲಿ ಕಟ್ಟಿ, ಮಡಿಲಿಗೆ ನಾಲ್ಕು ಹಸಿ ನೆಲ್ಲಿಕಾಯಿ ಹಾಕಿಕೊಂಡು ಕೋಟೆಯ ದಾರಿ ಹಿಡಿದ.

ಅರಸಿ ಪದ್ಮಲೆಗೆ ಇಪ್ಪತ್ತು ವರ್ಷ. ಅಪ್ಪ ಯಾವತ್ತೋ ಹೋಗಿದ್ದ, ಅಮ್ಮ ಹೋಗಿ ಎರಡು ಮಳೆಗಾಲ ಕಳೆದಿದ್ದವು. ನೂರು ಜನ ಕೂರುವ ಊಟದ ಚಾವಡಿಯಲ್ಲಿ ಒಬ್ಬಳೇ ಕೂತು ಉಣ್ತಿದ್ದಳು. ಬಡಿಸೋರು ಬಡಿಸಿ ಹಿಂದೆ ಸರೀತಿದ್ದರು. ಅವಳು ನುಂಗಿದ ಸದ್ದು ಅವಳಿಗೇ ಕೇಳ್ತಿತ್ತಂತೆ.

ದ್ಯಾವ ಬಂದಾಗ ಅವನ ಮುಂದೆ ಮೂವರಿದ್ದರು. ಅರಸಿ ಒಂದು ಬದನೆಕಾಯಿ ಹೆಚ್ಚಿ ತಟ್ಟೆಯಲ್ಲಿಟ್ಟು ಕೇಳಿದಳು.

"ಹೆಚ್ಚಿದಾಗ ಬೆಳ್ಳಗಿತ್ತು. ಈಗ ನೋಡಿ, ಕಪ್ಪಾಗ್ತಿದೆ. ಯಾರೂ ಹೊಡೆದಿಲ್ಲ, ಯಾರೂ ಸುಟ್ಟಿಲ್ಲ. ಇದರ ಮುಖಕ್ಕೆ ಮಸಿ ಬಳಿದ ಕಳ್ಳ ಯಾರು?"

ಪಕ್ಕದ ನಾಡಿನ ರಾಜಕುಮಾರ ಮೀಸೆ ತಿರುವಿದ. "ಕಬ್ಬಿಣದ ಚಾಕು!" ಅಂದು ಸೊಂಟದ ಚಿನ್ನದ ಚಾಕುವಿನಲ್ಲಿ ತಾನೇ ಹೆಚ್ಚಿದ. ಬದನೆಕಾಯಿ ಚಿನ್ನಕ್ಕೂ ಮರ್ಯಾದೆ ಕೊಡಲಿಲ್ಲ. ಅವನನ್ನು ಸೆರೆಮನೆಗೆ ಕರೆದೊಯ್ದರು. ವರ್ತಕನ ಮಗ "ಬಿಸಿಲು" ಅಂದ. ನೆಲಮಾಳಿಗೆಯ ಕತ್ತಲಲ್ಲಿ ಹೆಚ್ಚಿ ತಂದರೂ ಕಪ್ಪೇ. ಅವನೂ ಹೋದ.

ಮೂರನೆಯವನು ಪಂಡಿತ. "ಗಾಳಿ" ಅಂದು ಗೆದ್ದ. ಅರಸಿ ಎರಡನೆಯದನ್ನು ಕೇಳಿದಳು. "ಆ ಕಳ್ಳನಿಲ್ಲದ ಮನೆಯಿಲ್ಲ, ಅವನಿಲ್ಲದೆ ನಮಗೆ ಉಸಿರೂ ಇಲ್ಲ. ಬಾಗಿಲು ಹಾಕದೆ ಅವನನ್ನು ತಡೆಯೋ ಕಾವಲುಗಾರ ಯಾರು?"

"ಮುಚ್ಚಳ!" ಅಂದ ಪಂಡಿತ.

"ಬಾಗಿಲು ಹಾಕದೆ ಅಂದೆನಲ್ಲ ಸ್ವಾಮಿ," ಅಂದಳು ಅರಸಿ. ಪಂಡಿತ ಬೆವರು ಒರೆಸಿಕೊಳ್ತಾ ಉಳಿದಿಬ್ಬರ ಜೊತೆ ಸೇರಿದ.

ದ್ಯಾವನನ್ನು ಕಂಡು ಕಾವಲಿನವನು ನಕ್ಕ. "ಏನಯ್ಯ, ಓದಿದ ತಲೆಗಳೇ ಉರುಳೋಕೆ ನಿಂತಿವೆ. ನಿನ್ನದೇನು ಬುರುಡೆಯೋ?"

"ನನ್ನದು ಹೋದರೆ ಅಳೋರಿಲ್ಲ ಕಣಣ್ಣ, ಅದೇ ಧೈರ್ಯ," ಅಂದ ದ್ಯಾವ.

ಅವನು ಒಂದು ಬದನೆಕಾಯಿಯನ್ನು ನೀರೊಳಗೆ ಮುಳುಗಿಸಿ ಹೆಚ್ಚಿದ. ಹೋಳು ನೀರಲ್ಲಿ ಬೆಳ್ಳಗೇ ಇತ್ತು. ಎರಡು ಹೋಳು ಹೊರಗೆ ತೆಗೆದು ಒಂದಕ್ಕೆ ನೆಲ್ಲಿಕಾಯಿ ಹಿಂಡಿದ, ಇನ್ನೊಂದನ್ನು ಹಾಗೇ ಬಿಟ್ಟ. "ಕಳ್ಳ ಗಾಳಿ, ಅಮ್ಮಣ್ಣಿ. ಕಾವಲುಗಾರ ಹುಳಿ. ನಮ್ಮಲ್ಲಿ ನೆಲ್ಲಿಕಾಯಿ, ಬೇರೆಯವರಲ್ಲಿ ನಿಂಬೆ, ಮಜ್ಜಿಗೆ." ಬಿಟ್ಟ ಹೋಳು ಕಪ್ಪಾಯಿತು. ಹಿಂಡಿದ್ದು ಬೆಳ್ಳಗೇ ಉಳಿಯಿತು. ಸಭೆಯೆಲ್ಲ ಹೋ ಅಂದಿತು.

ಅರಸಿ ಮಾತ್ರ ಬಿಳಿಚಿಕೊಂಡಳು. ಮೂರನೆಯ ಒಗಟಿನ ತನಕ ಇಲ್ಲಿವರೆಗೆ ಯಾರೂ ಬಂದಿರಲಿಲ್ಲ. ಎಲ್ಲರನ್ನೂ ಹೊರಗೆ ಕಳಿಸಿ, ಒಂದು ಸಣ್ಣ ಭರಣಿ ತಂದು ಅವನ ಮುಂದಿಟ್ಟಳು.

"ಇದು ಅಮ್ಮ ಕಾಯಿಸಿದ ತುಪ್ಪ. ಎರಡು ಮಳೆಗಾಲ ಕಳೆದರೂ ಕಮಟು ವಾಸನೆ ಹಿಡಿದಿಲ್ಲ. ಅಡುಗೆಯವರು ಕಾಯಿಸಿದ್ದು ಎರಡು ತಿಂಗಳಿಗೇ ಕೆಡುತ್ತೆ. 'ತಾನು ಸುಟ್ಟುಕೊಂಡು ಇನ್ನೊಬ್ಬರನ್ನು ಕಾಯುತ್ತೆ, ಉಂಡವರು ಯಾರೂ ಅದರ ಹೆಸರೆತ್ತೋದಿಲ್ಲ, ಅದು ಯಾವುದು ಹೇಳೇ' ಅಂತ ಅಮ್ಮ ನಗ್ತಾ ಕೇಳಿದ್ದರು. ಉತ್ತರ ಹೇಳೋದರೊಳಗೆ ಜ್ವರ ಬಂತು. ಉತ್ತರ ನನಗೂ ಗೊತ್ತಿಲ್ಲ."

ದ್ಯಾವ ಭರಣಿ ಮೂಸಿದ. ತಳದಲ್ಲಿ ಒಂದೇ ಚಮಚದಷ್ಟು ತುಪ್ಪ ಗಟ್ಟಿಯಾಗಿ ಕೂತಿತ್ತು.

"ನುಗ್ಗೆಸೊಪ್ಪು, ಅಮ್ಮಣ್ಣಿ. ನನ್ನವ್ವನೂ ಬೆಣ್ಣೆ ಕಾಯಿಸೋವಾಗ ಹಾಕ್ತಿದ್ದಳು. ಗಾಳಿ ತುಪ್ಪವನ್ನು ಹಿಡಿಯೋಕೆ ಬಂದರೆ ಸೊಪ್ಪಿನ ಸತ್ವ ಅಡ್ಡ ನಿಂತು ತಾನು ಹಾಳಾಗುತ್ತೆ. ಎಲೆ ತಳದಲ್ಲೇ ಇರಬೇಕು. ಆದರೆ ನೋಡಬೇಕಂದ್ರೆ ತುಪ್ಪ ಬಳೀಬೇಕು."

"ಇದು ಕೊನೆಯ ಚಮಚ."

"ಗೊತ್ತಾಯ್ತು."

"ನಿನ್ನ ಮಾತು ಸುಳ್ಳಾದರೆ ಅಮ್ಮನದು ಅಂತ ನನಗೆ ಏನೂ ಉಳಿಯೋದಿಲ್ಲ."

"ಬಳೀಬೇಡಿ ಹಾಗಾದ್ರೆ. ತಪ್ಪು ಅಂತ ಬರೆಸಿಬಿಡಿ, ನಾನೂ ಸೆರೆಮನೆಗೆ ಹೋಗ್ತೀನಿ. ಒಂದು ಮಾತು ಮಾತ್ರ ಹೇಳ್ತೀನಿ. ಆ ಎಲೆಯ ಸತ್ವ ದಿನಾ ಒಂಚೂರು ಕರಗ್ತಾ ಇದೆ. ಅದು ಮುಗಿದ ದಿನ ತುಪ್ಪ ಕೆಡುತ್ತೆ. ಅವ್ವ ಮಾಡಿಟ್ಟಿದ್ದು ಒಂದು ಚಟ್ಟಿ ನನ್ನ ಹತ್ರಾನೂ ಇತ್ತು. ಮುಟ್ಟದೆ ಇಟ್ಟುಕೊಂಡೆ. ಕೊನೆಗೆ ತೆಗೆದು ನೋಡಿದರೆ ಕಮಟು. ನಾಯಿಗೂ ಬೇಡವಾಯ್ತು."

ಅರಸಿ ಭರಣಿಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು. ಆಮೇಲೆ ಬಿಸಿ ಅನ್ನ ತರಿಸಿದಳು. ಭರಣಿಯನ್ನು ಕೆಂಡದ ಹತ್ತಿರ ಹಿಡಿದು ಕರಗಿಸಿ, ತನ್ನ ಅನ್ನಕ್ಕೆ ಅರ್ಧ, ಅವನ ಅನ್ನಕ್ಕೆ ಅರ್ಧ ಸುರಿದಳು. ತಳದಲ್ಲಿ ಕರಿ ಹಿಡಿದ ಪುಟ್ಟ ಎಲೆ ಎರಡು, ಉಗುರಿನಷ್ಟು, ಅಂಟಿಕೊಂಡಿದ್ದವು.

ಅವಳು ಎಲೆಗಳನ್ನೇ ನೋಡ್ತಾ ಅಳ್ತಾ ಉಂಡಳು. ದ್ಯಾವ ಪಕ್ಕದ ಮಣೆಯಲ್ಲಿ ಕೂತು ಉಂಡ.

ಅವನಿಗೆ ಅರ್ಧ ರಾಜ್ಯ ಸಿಕ್ಕಿತು. ಅವನು ಕೇಳಿಕೊಂಡ ಮೇಲೆ ಸೆರೆಯಲ್ಲಿದ್ದ ಮೂವರನ್ನೂ ಬಿಟ್ಟರು. ಪಂಡಿತ ತಿರುಗಿ ನೋಡದೆ ಓಡಿದ. ಮದುವೆ ಆಮೇಲಿನ ಮಾತು. ಮರುದಿನ ಅರಸಿ ಅಡುಗೆಯವರನ್ನೆಲ್ಲ ಆಚೆ ಕಳಿಸಿ, ತಾನೇ ಒಲೆ ಹಚ್ಚಿ ಬೆಣ್ಣೆ ಇಟ್ಟಳು. ಹಿತ್ತಲಿನ ನುಗ್ಗೆಮರದಿಂದ ಕಿತ್ತ ಸೊಪ್ಪು ಕೈಯಲ್ಲಿತ್ತು. ಬೆಣ್ಣೆ ಚಟಪಟ ಅಂತಿತ್ತು.

"ಯಾವಾಗ ಹಾಕೋದು?" ಅಂದಳು.

"ಸದ್ದು ನಿಲ್ಲಲಿ," ಅಂದ ದ್ಯಾವ.

ಇಬ್ಬರೂ ಒಲೆಯ ಮುಂದೆ ಕಿವಿಗೊಟ್ಟು ಕೂತರು.