ಪರವಾನಗಿ ಇಲ್ಲದ ಒದೆ

ಬೆನ್ನು ಉಳುಕಿದ ಪ್ರಾಣಿಗಳಿಗೆ ಕತ್ತೆ ಹದವಾಗಿ ಒಂದು ಒದೆ ಕೊಟ್ಟು ಗುಣಪಡಿಸುತ್ತಿತ್ತು. ಕಾಡಿನ ಕಾನೂನು ಮಂತ್ರಿಯಾದ ಕರಡಿ, ಪರವಾನಗಿ ಇಲ್ಲದವರು ಯಾರ ಬೆನ್ನಿಗೂ ಚಿಕಿತ್ಸೆ ನೀಡಕೂಡದೆಂದು ನಿಯಮ ತಂದಿತು. ಪರವಾನಗಿ ಬಸವನಹುಳುವಿಗೆ ಸಿಕ್ಕಿತು. ಅದರ ಚಿಕಿತ್ಸೆಯ ಬಗ್ಗೆ ಒಂದು ದೂರೂ ಇರಲಿಲ್ಲ. ಅದು ಇನ್ನೂ ಯಾವ ರೋಗಿಯ ಮನೆಯನ್ನೂ ತಲುಪಿರಲಿಲ್ಲ.

ಮರುವಾರ ಜೇನು ಕೀಳಲು ಹೋಗಿ ಕರಡಿಯ ಬೆನ್ನೇ ಹಿಡಿದುಕೊಂಡಿತು. ಬಗ್ಗಿಕೊಂಡೇ ಕತ್ತೆಯ ಮನೆಗೆ ಬಂತು.

"ಕತ್ತೆಯಣ್ಣ, ಒಂದೇ ಒಂದು ಒದೆ ಕೊಡಪ್ಪ."

"ಕ್ಷಮಿಸಿ ಸ್ವಾಮಿ, ಅದು ಚಿಕಿತ್ಸೆ. ನನಗೆ ಜೈಲಾಗುತ್ತದೆ."

ಕರಡಿ ಯೋಚಿಸಿತು. "ಸಿಟ್ಟಿನಿಂದ ಒದ್ದರೆ?"

"ಅದಕ್ಕೆ ನಿಮ್ಮ ನಿಯಮದಲ್ಲಿ ಅಡ್ಡಿಯಿಲ್ಲ. ಆದರೆ ನನಗೆ ಸಿಟ್ಟು ಬಂದಿಲ್ಲವಲ್ಲ."

"ಮುಠ್ಠಾಳ!"

"ಸಾಲದು ಸ್ವಾಮಿ."

"ನಿನ್ನ ಹಾಡು ಕೇಳಲಾಗದೆ ನನ್ನ ಹೆಂಡತಿ ತವರಿಗೆ ಹೋದಳು!"

ಕತ್ತೆಯ ಕಿವಿ ನೆಟ್ಟಗಾಯಿತು. "ಯಾವ ಹಾಡು?"

"ಎಲ್ಲವೂ!"

ಒದೆ ಬಿತ್ತು. ಕರಡಿ ನೆಟ್ಟಗೆ ನಿಂತು ಕೈಮುಗಿಯಿತು.

"ಕೈಮುಗಿಯಬೇಡಿ," ಎಂದಿತು ಕತ್ತೆ. "ಚಿಕಿತ್ಸೆ ಆಗಿಬಿಡುತ್ತದೆ."

ನಿಯಮ ಈಗಲೂ ಜಾರಿಯಲ್ಲಿದೆ. ದಿನಾ ಬೆಳಿಗ್ಗೆ ಕತ್ತೆಯ ಮನೆ ಮುಂದೆ ಸೊಂಟ ಹಿಡಿದುಕೊಂಡ ಪ್ರಾಣಿಗಳು ಸಾಲಾಗಿ ನಿಂತು, ಅದರ ಸಂಗೀತವನ್ನು ಟೀಕಿಸುತ್ತವೆ.